ನೆತ್ತಿಗೆ ಹತ್ತದ ತುತ್ತು

ಅಪ್ಪ ತೀರಿಕೊಂಡ ತಿಂಗಳೊಪ್ಪತ್ತಿಗೆ ನನ್ನ ಸೋದರತ್ತೆಗೆ ಎರಡು ಬ್ಲೌಸು ಹೊಲಿದುಕೊಟ್ಟೆ. ಎರಡರ ಕಂಕುಳನ್ನೂ ಬೇಕಂತಲೇ ಬಿಗಿ ಮಾಡಿದ್ದೆ. ಅವಳ ಅಳತೆ ನನಗೆ ಬಾಯಿಪಾಠ. ನರಗುಂದದಲ್ಲಿ ಅಂಗಡಿ ಹಾಕಿದಾಗಿನಿಂದ ಅವಳು ತೊಟ್ಟ ಬ್ಲೌಸೆಲ್ಲ ನನ್ನ ಕೈಯವೇ. ಊಟಕ್ಕೆ ಕೂತು ತುತ್ತೆತ್ತಿದಾಗಲೆಲ್ಲ ಹೊಲಿಗೆ ಅವಳ ಕಂಕುಳಲ್ಲಿ ಕಚ್ಚಬೇಕು, ಕಚ್ಚಿದಾಗಲೆಲ್ಲ ತಾನು ಯಾರ ಬಾಯಿಗೆ ಏನಿಟ್ಟೆ ಎನ್ನುವುದು ನೆನಪಾಗಬೇಕು ಎಂದು ನನ್ನ ಹಂಚಿಕೆ. ಅವಳೂರು ಸೂಡಿಗೆ ಹೊರಟಿದ್ದ ಗುರುತಿನವರ ಕೈಯಲ್ಲಿ ಪೊಟ್ಟಣ ಕಳಿಸಿದೆ. ಬಿಗಿಯಾಗಿದೆ ಎಂದು ಫೋನು ಬರುತ್ತದೆ, ಆಗ ನಾಲ್ಕು ಮಾತು ಅನ್ನೋಣ ಎಂದು ಕಾದೆ. ಫೋನು ಬರಲಿಲ್ಲ. ಅದನ್ನೇ ತೊಟ್ಟುಕೊಂಡು ತಿರುಗಿದಳಂತೆ. ಅದಕ್ಕೂ ನನಗೆ ಸಿಟ್ಟು ಬಂತು.

ಇದನ್ನು ಸಣ್ಣತನ ಎನ್ನುವವರು ಅನ್ನಲಿ. ಅಪ್ಪನನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಅವರಿಗೇನು ಗೊತ್ತು?

ಅಪ್ಪ ಬಸ್ ಡ್ರೈವರ್ ಆಗಿದ್ದ. ನರಗುಂದ, ರೋಣ, ಗಜೇಂದ್ರಗಡ ಎಂದು ಇವೇ ರಸ್ತೆಗಳಲ್ಲಿ ಅವನ ಆಯುಷ್ಯ ಕಳೆಯಿತು. ನಿವೃತ್ತಿಯಾದ ಮೇಲೆ ಅವ್ವನ ಜೊತೆ ರೋಣದಲ್ಲೇ ಉಳಿದ. ಗಂಟಲು ದೊಡ್ಡದು, ಹಸಿವು ಅದಕ್ಕಿಂತ ದೊಡ್ಡದು. ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರ ಮಿರ್ಚಿ ಎಷ್ಟು ಹೊತ್ತಿಗೆ ಬಾಣಲೆಯಿಂದ ಮೇಲೇಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಬಸ್ಸು ಸರಿಯಾಗಿ ಅದೇ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲುತ್ತಿತ್ತು ಎಂದು ಅವನ ಕಂಡಕ್ಟರುಗಳೇ ಹೇಳಿ ನಗುತ್ತಿದ್ದರು. ಅಂಥವನಿಗೆ ಒಂದು ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು. ಮಾತು ಹೋಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಜೀವ ಉಳಿಸಿ ಕೊಟ್ಟರು, ಆದರೆ ಆ ಜೀವ ನುಂಗುವುದನ್ನು ಮರೆತಿತ್ತು.

ಮನುಷ್ಯ ನುಂಗುವುದನ್ನೂ ಮರೆಯುತ್ತಾನೆಂದು ನನಗೆ ಅಲ್ಲಿಯತನಕ ತಿಳಿದಿರಲಿಲ್ಲ. ಮೂಗಿನಿಂದ ಹೊಟ್ಟೆಯವರೆಗೆ ಸಣ್ಣ ನಳಿಗೆ ಇಳಿಸಿದರು. ಬೇಳೆಕಟ್ಟು, ಸೋಸಿದ ಗಂಜಿ, ಹಾಲು ಎಲ್ಲ ಅದರೊಳಗಿಂದಲೇ. ನುಂಗುವುದನ್ನು ಮತ್ತೆ ಕಲಿಸುವ ಒಬ್ಬ ಹೆಣ್ಣುಮಗಳು ಅಲ್ಲಿದ್ದಳು, ಅದೇ ಅವಳ ಕೆಲಸ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದಳು. ಗಂಟಲಲ್ಲಿ ಊಟದ ದಾರಿ, ಉಸಿರಿನ ದಾರಿ ಅಕ್ಕಪಕ್ಕದಲ್ಲೇ ಇರುತ್ತವೆ. ನುಂಗಿದಾಗೊಮ್ಮೆ ಉಸಿರಿನ ದಾರಿಗೆ ಮುಚ್ಚಳ ಬೀಳಬೇಕು. ಅಪ್ಪನ ಮುಚ್ಚಳ ತಡವಾಗಿ ಬೀಳುತ್ತಿತ್ತು. ಅಷ್ಟರಲ್ಲಿ ನೀರೋ ಗಂಜಿಯೋ ಜಾರಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಅಲ್ಲೇ ಕೂತು ಕೊಳೆಯುತ್ತದೆ, ಜ್ವರ ಬರುತ್ತದೆ, ನ್ಯುಮೋನಿಯಾ ಆಗುತ್ತದೆ, ಲಕ್ವಾದಿಂದ ಉಳಿದವನು ಅದರಿಂದ ಹೋಗುತ್ತಾನೆ ಎಂದಳು. ನಮಗಾದರೆ ಒಂದು ಅಗುಳು ಅಡ್ಡ ಹೋದರೂ ಕೆಮ್ಮು ಬಂದು ಹೊರಗೆ ಹಾಕುತ್ತದೆ. ಅಪ್ಪನಿಗೆ ಆ ಕೆಮ್ಮೂ ಇರಲಿಲ್ಲ.

“ಕೆಮ್ಮು ಅಂದ್ರ ಬಾಗಲಾಗಿನ ನಾಯಿ ಇದ್ದಂಗರಿ,” ಎಂದಳು. “ಕಳ್ಳ ಬಂದ್ರ ಬೊಗಳತೈತಿ. ನಿಮ್ಮಪ್ಪಾರ ನಾಯಿ ಮಲಗೈತ್ರಿ. ಅವರು ಕೆಮ್ಮಲಿಲ್ಲಂದ್ರ ಎಲ್ಲಾ ಚಲೋ ಆತು ಅಂತ ತಿಳ್ಕೋಬ್ಯಾಡ್ರಿ.”

ಆ ಮಾತನ್ನು ನಾನು ಗಟ್ಟಿ ಹಿಡಿದೆ. ಅದನ್ನು ನಮ್ಮ ಮಂದಿಗೆ ತಿಳಿಸುವುದರಲ್ಲಿ ಮಾತ್ರ ಸೋತೆ. ನಮ್ಮ ಕಡೆ ಊಟ ಮಾಡುವಾಗ ತುತ್ತು ಅಡ್ಡದಾರಿ ಹಿಡಿದು ಕೆಮ್ಮು ಬಂದರೆ ನೆತ್ತಿಗೆ ಹತ್ತಿತು ಎನ್ನುತ್ತೇವೆ. ನೆತ್ತಿ ತಟ್ಟುತ್ತೇವೆ, ಯಾರೋ ನೆನೆಸುತ್ತಿದ್ದಾರೆ ಎಂದು ನಗುತ್ತೇವೆ. ಅನ್ನ ಮೇಲಕ್ಕೆ ನೆತ್ತಿಗೆ ಹೋಗಿದೆ, ತಟ್ಟಿದರೆ ಇಳಿಯುತ್ತದೆ ಎಂಬ ನಂಬಿಕೆ ನಮ್ಮದು. ಕೆಳಗೆ ಎದೆಯೊಳಗೆ ಹೋಗುತ್ತದೆಂದು ಯಾರಿಗೂ ಹೊಳೆಯುವುದಿಲ್ಲ. ಕೆಮ್ಮು ಬರದಿದ್ದರಂತೂ ಮುಗಿದೇ ಹೋಯಿತು, ಅದು ಸುಖವಾಗಿ ಹೊಟ್ಟೆ ಸೇರಿದ ಹಾಗೆ.

ಅಂಗಡಿಗೆ ಬೀಗ ಹಾಕಿ ನಾನು ರೋಣಕ್ಕೆ ಬಂದು ಕೂತೆ. ಅಪ್ಪನನ್ನು ಮಾತಾಡಿಸಲು ಮಂದಿ ಬರತೊಡಗಿದರು. ಬರಿಗೈಯಲ್ಲಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಬ್ರೆಡ್ಡು, ಬಿಸ್ಕೀಟು, ಎಳನೀರು, ಮೋಸಂಬಿ. ತಂದದ್ದನ್ನು ತಾವೇ ಕೈಯಾರೆ ರೋಗಿಯ ಬಾಯಿಗಿಷ್ಟು ಹಾಕದೆ ಹೋದರೆ ಅವರಿಗೆ ಬಂದಂತೆಯೇ ಅಲ್ಲ. ಒಬ್ಬರು ಚಹಾದಲ್ಲಿ ಅದ್ದಿದ ಬಿಸ್ಕೀಟು ಹಿಡಿದು ಅಪ್ಪನ ತುಟಿಗೆ ಒತ್ತಿದ್ದರು, ನಾನು ಹೋಗಿ ಕೈಯನ್ನೇ ಹಿಡಿದೆ. ಇನ್ನೊಬ್ಬಳು ನನ್ನ ಕಣ್ಣು ತಪ್ಪಿಸಿ ಸೆರಗಿನ ಮರೆಯಲ್ಲಿ ಪೇಡೆ ಮುರಿಯುತ್ತಿದ್ದಳು. ಕಸಿದು ಅವಳ ಚೀಲಕ್ಕೇ ತುರುಕಿದೆ. ಹೆತ್ತ ಮಗಳೇ ಅಪ್ಪನನ್ನು ಉಪವಾಸ ಕೆಡವಿದ್ದಾಳೆ ಎಂದು ಓಣಿಯಲ್ಲಿ ಹಬ್ಬಿತು. ಹಬ್ಬಲಿ ಎಂದೆ. ನಾನು ಮಂಚದ ಪಕ್ಕ ಬಿಟ್ಟು ಏಳಲಿಲ್ಲ.

ದಿನವೂ ಅಪ್ಪನಿಗೆ ಪಾಠ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸುವುದು, ಗದ್ದವನ್ನು ಎದೆಗೆ ತಾಗಿಸುವುದು, ಗಟ್ಟಿ ಅಂಬಲಿಯನ್ನು ಚಮಚದ ತುದಿಯಲ್ಲಷ್ಟೇ ತೆಗೆದು ನಾಲಗೆಯ ಮೇಲಿಟ್ಟು, ನುಂಗು, ಇನ್ನೊಮ್ಮೆ ನುಂಗು ಎನ್ನುವುದು. ಆಮೇಲೆ “ಆ” ಅನ್ನಿಸುವುದು. ದನಿ ಸ್ವಚ್ಛ ಬಂದರೆ ಸರಿ. ದನಿಯಲ್ಲಿ ನೀರು ಗುಳುಗುಟ್ಟಿದರೆ ಅವತ್ತಿನ ಪಾಠ ಬಂದ್. ಗಂಜಿ, ಅಂಬಲಿ, ಏನೇ ಇರಲಿ, ತೆಳ್ಳಗೆ ಇರಬಾರದು. ತೆಳ್ಳಗಿದ್ದಷ್ಟೂ ಬೇಗ ಜಾರುತ್ತದೆ, ಮುಚ್ಚಳ ಬೀಳುವುದರೊಳಗೆ ಒಳಗೆ ಹೋಗಿಬಿಡುತ್ತದೆ ಎಂದು ಹುಬ್ಬಳ್ಳಿಯವಳು ಒತ್ತಿ ಒತ್ತಿ ಹೇಳಿದ್ದಳು. ಅಪ್ಪ ಮೊದಮೊದಲು ಸಿಟ್ಟಾಗಿ ಚಮಚವನ್ನು ಎಡಗೈಯಿಂದ ತಳ್ಳುತ್ತಿದ್ದ. ಬರಬರುತ್ತ ಶಾಲೆಯ ಮಗುವಿನಂತೆ ನನ್ನ ಮುಖ ನೋಡಿ, ಸರಿ ನುಂಗಿದೆನೇ ಎಂದು ಹುಬ್ಬೇರಿಸಿ ಕೇಳುತ್ತಿದ್ದ. ಶ್ರಾವಣದ ಹೊತ್ತಿಗೆ ಅವನ “ಆ” ಸ್ವಚ್ಛವಾಯಿತು. ಫೋನಿನಲ್ಲಿ ವಿಡಿಯೋ ನೋಡಿ ಆಕೆ, ಪಂಚಮಿ ಮುಗಿಸಿಕೊಂಡು ಕರೆದುಕೊಂಡು ಬನ್ನಿ, ಪರೀಕ್ಷೆ ಮಾಡಿ ಎಲ್ಲ ಸರಿಯಿದ್ದರೆ ನಳಿಗೆ ತೆಗೆದುಬಿಡೋಣ ಎಂದಳು.

ಅದನ್ನು ಕೇಳಿ ಅಪ್ಪ ಅತ್ತ. ನಳಿಗೆ ತೆಗೆದ ಮೇಲೆ ಮೊದಲು ಏನು ತಿನ್ನುತ್ತೀ ಎಂದು ಕೇಳಿದೆ. ಎಡಗೈಯ ಎರಡು ಬೆರಳು ಅಗಲಿಸಿ ಉದ್ದ ತೋರಿಸಿದ. ಮಿರ್ಚಿ. ಅವ್ವ, ನಾನು ಇಬ್ಬರೂ ನಕ್ಕೆವು. ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ನಗು ಕೇಳಿಸಿತ್ತು.

ಆಗ ಪಂಚಮಿ ಬಂತು. ನಮ್ಮ ಕಡೆ ನಾಗರ ಪಂಚಮಿಯೆಂದರೆ ತವರಿಗೆ ಬರುವ ಹೆಣ್ಣುಮಕ್ಕಳ ಹಬ್ಬ. ಉಂಡಿಗಳ ಜೊತೆ ಅಳ್ಳಿಟ್ಟು ಆಗಲೇಬೇಕು. ಜೋಳವನ್ನು ಅರಳು ಹುರಿದು ಬೀಸಿದ ಹಿಟ್ಟು ಅದು, ಊದಿದರೆ ಹಾರುವಷ್ಟು ನುಣುಪು. ಒಣಹಿಟ್ಟು ಬಾಯಿಗೆ ಹಾಕಿಕೊಂಡು ಮಾತಾಡಿದರೆ ನೆತ್ತಿಗೆ ಹತ್ತುವುದು ಗ್ಯಾರಂಟಿ. ಚಿಕ್ಕವರಿದ್ದಾಗ ನಮ್ಮ ಬಾಯಲ್ಲಿ ಅದನ್ನು ತುಂಬಿಸಿ, ಈಗ ನಿನ್ನ ಹೆಸರು ಹೇಳು ಎಂದು ಕೆಣಕುತ್ತಿದ್ದವನು ಅಪ್ಪನೇ. ದೊಡ್ಡವರು ಅದನ್ನು ಹಾಲು ಬೆಲ್ಲ ಹಾಕಿ ಕಲಸಿ ತಿನ್ನುತ್ತಾರೆ. ಸೋದರತ್ತೆ ಅಪ್ಪನಿಗಿಂತ ದೊಡ್ಡವಳು, ಸೂಡಿಗೆ ಕೊಟ್ಟದ್ದು. ಪ್ರತಿ ಪಂಚಮಿಗೂ ಅಪ್ಪ ಗಾಡಿ ತೆಗೆದುಕೊಂಡು ಹೋಗಿ ಅಕ್ಕನನ್ನು ಕರೆತರುತ್ತಿದ್ದ. ಅವಳು ಕಲಸಿದ ಅಳ್ಳಿಟ್ಟಿನ ಮೊದಲ ತುತ್ತು ಅವಳ ಕೈಯಿಂದಲೇ ಅಪ್ಪನ ಬಾಯಿಗೆ. ಅದು ಯಾವಾಗ ಶುರುವಾಯಿತೋ ಗೊತ್ತಿಲ್ಲ, ಬಿಟ್ಟದ್ದನ್ನಂತೂ ನಾನು ಕಂಡಿಲ್ಲ.

ಈ ವರ್ಷ ಮನೆಯಲ್ಲಿ ಅಳ್ಳಿಟ್ಟು ಬೇಡ ಎಂದೆ. ನಾಗಪ್ಪನ ನೈವೇದ್ಯಕ್ಕೆ ಇಲ್ಲದಿದ್ದರೆ ಹೇಗೆ, ಒಂದು ಹಿಡಿ ಮಾಡುತ್ತೇನೆ ಎಂದಳು ಅವ್ವ. ಅಷ್ಟರಲ್ಲಿ ನರಗುಂದದಿಂದ ನನ್ನ ಗಂಡನ ತಾಯಿಯ ಫೋನು. ಎಲ್ಲರೂ ಹಬ್ಬಕ್ಕೆ ತವರಿಗೆ ಹೋದರೆ ನೀನು ತವರಲ್ಲೇ ಠಿಕಾಣಿ ಹೂಡಿದ್ದೀ, ಹಬ್ಬದ ದಿನವಾದರೂ ಬಂದು ಹಾಲೆರೆದು ಹೋಗು ಎಂದರು. ಮಾತಿನಲ್ಲಿ ಮುಳ್ಳಿತ್ತು, ನ್ಯಾಯವೂ ಇತ್ತು. ನಳಿಗೆಯಿಂದಷ್ಟೇ ಕೊಡು, ನಾನು ಬರುವತನಕ ಚಮಚದ ಪಾಠವೂ ಬೇಡ ಎಂದು ಅವ್ವನಿಗೆ ಮತ್ತೆ ಮತ್ತೆ ಹೇಳಿ ಹಬ್ಬದ ಬೆಳಿಗ್ಗೆ ಬಸ್ಸು ಹತ್ತಿದೆ.

ನರಗುಂದದ ಮನೆಯಲ್ಲಿ ಮಣ್ಣಿನ ನಾಗಪ್ಪನ ಮುಂದೆ ಕೂತು ಕೊಬ್ಬರಿ ಬಟ್ಟಲಿನಿಂದ ಹಾಲೆರೆದೆ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಲ್ಲಿ ಎರೆಯುವುದು ರೂಢಿ. ಅಪ್ಪನ ಪಾಲು ಎನ್ನುವಾಗ ಬಟ್ಟಲು ತುಸು ಹೆಚ್ಚೇ ಬಗ್ಗಿಸಿದೆ. ನಾನಿಲ್ಲಿ ಅಪ್ಪನ ಹೆಸರಿನಲ್ಲಿ ಮಣ್ಣಿಗೆ ಹಾಲು ಹೊಯ್ಯುತ್ತಿದ್ದ ಹೊತ್ತಿನಲ್ಲೇ ರೋಣದಲ್ಲಿ ಹಾಲಿನಲ್ಲಿ ಕಲಸಿದ್ದನ್ನು ಅಪ್ಪನ ಗಂಟಲಿಗೆ ಇಳಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಮರಳಿದೆ. ಬಾಗಿಲಲ್ಲೇ ಆ ಸಪ್ಪಳ ಕೇಳಿಸಿತು. ಅಪ್ಪನ ಉಸಿರು ಓಡುತ್ತಿತ್ತು, ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು, ಎದೆಯಲ್ಲಿ ಗೊರಗೊರ. ಹಣೆ ಮುಟ್ಟಿದರೆ ಸುಡುತ್ತಿತ್ತು. ಸೋದರತ್ತೆ ತಲೆದೆಸೆಯಲ್ಲಿ ಕೂತಿದ್ದಳು. ಈ ಸಲ ಕರೆಯಲು ಯಾರೂ ಹೋಗದಿದ್ದರೂ ಹಬ್ಬದ ದಿನ ತಾನೇ ಬಸ್ಸು ಹಿಡಿದು ಬಂದಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತಳು.

“ನಾನ ಉಣಿಸೀನಿ,” ಎಂದಳು. “ಹಬ್ಬ ಅಲ್ಲೇನವ್ವಾ, ಒಂದೀಟು ಅಳ್ಳಿಟ್ಟು. ನೆತ್ತಿ ಸೈತ ಹತ್ಲಿಲ್ಲ ನೋಡು.”

ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನೀ ಹೆಣ್ಣಲ್ಲ, ಮಾರಿ ಎಂದದ್ದು ನೆನಪಿದೆ. ಓಣಿಯವರು ಬಾಗಿಲಿಗೆ ಬಂದು ನಿಂತದ್ದು ನೆನಪಿದೆ. ಅವ್ವ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ನನ್ನ ಬಾಯಿಗೆ ಹೆದರಿ ಒಳಗೇ ಉಳಿದಿದ್ದಾಳೆ ಎಂದುಕೊಂಡೆ.

ಗದಗಿನ ದವಾಖಾನೆಗೆ ಒಯ್ದೆವು. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ಎಡ ಶ್ವಾಸಕೋಶ ಕಪ್ಪಗಿತ್ತು, ಅದು ಹಾಗೇ ಇರಬೇಕಂತೆ. ಬಲಗಡೆಯದರ ಕೆಳಭಾಗ ಬೆಳ್ಳಗೆ ಮುಚ್ಚಿಹೋಗಿತ್ತು. ಬಲಗಡೆಯ ಕೊಳವೆ ಹೆಚ್ಚು ನೇರ, ಜಾರಿದ್ದು ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ ಎಂದರು. ಗಂಟಲಿಗೆ ಕೊಳವೆ ಬಿಟ್ಟು ಎಳೆದಾಗ ಜೋಳದ ಬಣ್ಣದ ಲೋಳೆ ಬಂತು. ಅದರ ವಾಸನೆ ನನಗೆ ಗುರುತಾಯಿತು, ಹಬ್ಬದ ವಾಸನೆ. ಎಷ್ಟು ಔಷಧ ಹಾಕಿದರೂ ಜ್ವರ ಇಳಿಯಲಿಲ್ಲ. ಆಮೇಲೆ ಎಡಗಡೆಯದೂ ಬೆಳ್ಳಗಾಯಿತು. ಶ್ರಾವಣ ಮುಗಿಯುವುದರೊಳಗೆ ಅಪ್ಪ ಹೋದ. ಮಿರ್ಚಿ ತಿನ್ನಲಿಲ್ಲ.

ಸಾವು ಒಂದು ತೂಕವಾದರೆ ಅದರ ಮೇಲೆ ಕಟ್ಟಿದ ಕಥೆ ಇನ್ನೊಂದು ತೂಕ. ಅಪ್ಪನ ಚಿಕ್ಕಪ್ಪ ಒಬ್ಬ ಬೆಳವಣಕಿಯಲ್ಲಿದ್ದಾನೆ, ನಮಗೆಲ್ಲ ಅಜ್ಜ. ಮಣ್ಣು ಮಾಡಲು ಬಂದವನು ಅಲ್ಲೇ ಶುರುಹಚ್ಚಿದ: ಅಕ್ಕನ ಕೈತುತ್ತಿಗಾಗಿಯೇ ಜೀವ ಹಿಡಿದುಕೊಂಡಿದ್ದ, ಪಂಚಮಿಯ ತುತ್ತು ಉಂಡ, ಹೊರಟ, ಎಂಥ ಅಕ್ಕ, ಎಂಥ ತಮ್ಮ, ಪುಣ್ಯವಂತರು. ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಎಲ್ಲಿ ನಾಲ್ಕು ಮಂದಿ ನಂಟರು ಕೂಡಿದರೂ ಅದೇ ಕಥೆ. ರಾಜೂರಿನ ಒಂದು ಮದುವೆಯಲ್ಲಿ ನನಗೆ ಗುರುತೇ ಇಲ್ಲದ ಹೆಂಗಸೊಬ್ಬಳು ನನಗೇ ಅದನ್ನು ಹೇಳಿದಳು. ಅತ್ತೆ ಎದುರಿಗಿದ್ದರೆ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿ ಕೂರುತ್ತಿದ್ದಳು, ಹೌದೂ ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಿರಲಿಲ್ಲ. ಹೊಗಳಿಕೆಯನ್ನು ಹೇಗೆ ಸವಿಯುತ್ತಿದ್ದಾಳೆ ನೋಡು ಎಂದು ನನ್ನ ಮೈ ಉರಿಯುತ್ತಿತ್ತು. ಕೊಂದವಳಿಗೆ ಆರತಿ, ಉಳಿಸಲು ಕೂತವಳಿಗೆ ಉಪವಾಸ ಕೆಡವಿದವಳೆಂಬ ಹೆಸರು.

ಬ್ಲೌಸು ಬಿಗಿ ಮಾಡಿದ್ದು ಆಗಲೇ. ಅದರಿಂದ ಹೊಟ್ಟೆ ತುಂಬಲಿಲ್ಲ. ಅವಳು ಕೂತ ಪಂಕ್ತಿಯಿಂದ ಎದ್ದು ಹೋದೆ, ಮಂದಿ ನೋಡಲಿ ಎಂದೇ ಎದ್ದೆ. ಫೋನು ಎತ್ತುವುದು ಬಿಟ್ಟೆ. ಅವಳ ಮೊಮ್ಮಗಳ ಸೀಮಂತಕ್ಕೆ ಕರೆದರೆ ಹೋಗಲಿಲ್ಲ, ಹೋಗದಿರುವುದಕ್ಕೆ ನೆಪವನ್ನೂ ಹೇಳಲಿಲ್ಲ. ಇವೆಲ್ಲ ಹಲ್ಲಿನ ಸಂದಿಗೂ ಸಾಲಲಿಲ್ಲ. ಅವಳ ಆ ಕಥೆಯನ್ನೇ ಅವಳಿಂದ ಕಿತ್ತುಕೊಳ್ಳಬೇಕಿತ್ತು, ಅದೂ ಎಲ್ಲರ ಮುಂದೆ.

ವರ್ಷದ ಕಾರ್ಯಕ್ಕೆ ಎಲ್ಲರೂ ರೋಣದ ಮನೆಯಲ್ಲಿ ಕೂಡಿದರು. ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಅಜ್ಜ ನಿರೀಕ್ಷೆಯಂತೆ ಅದೇ ರಾಗ ತೆಗೆದ. ಅಕ್ಕನ ತುತ್ತು ಎನ್ನುವಷ್ಟರಲ್ಲಿ ನಾನು ಒಳಗೆ ಹೋಗಿ ಟ್ರಂಕಿನಲ್ಲಿದ್ದ ಎಕ್ಸ್‌ರೇ ತಂದೆ. ಕಿಟಕಿಗೆ ಅಡ್ಡ ಹಿಡಿದೆ. ಬಿಸಿಲು ಹಿಂದಿನಿಂದ ಬೀಳುತ್ತಿತ್ತು, ಅಪ್ಪನ ಎಲುಬುಗಳೆಲ್ಲ ಎಲ್ಲರಿಗೂ ಕಂಡವು.

“ಇದು ಅಪ್ಪನ ಎದಿ,” ಎಂದೆ. “ಇಲ್ಲಿ ಬೆಳ್ಳಗ ಕಾಣಾಕತ್ತೈತಲ್ಲ, ಅದು ಅತ್ತಿ ಇಟ್ಟ ತುತ್ತು. ಹೊಟ್ಟಿಗೆ ಹೋಗಿಲ್ಲ ಅದು. ಉಸಿರಿನ ಚೀಲದಾಗ ಕುಂತು ಕೊಳತೈತಿ. ಅಪ್ಪ ಅಕ್ಕನ ತುತ್ತು ಉಂಡು ಸತ್ತಿಲ್ಲ. ಆ ತುತ್ತ ಅಪ್ಪನ್ನ ಉಂಡೈತಿ.”

ಮಾತನ್ನು ವರ್ಷವಿಡೀ ಮಸೆದು ಇಟ್ಟುಕೊಂಡಿದ್ದೆ, ಅದು ಹೋಗಿ ನಾಟಿತು. ಯಾರೂ ಉಣ್ಣಲಿಲ್ಲ. ಅತ್ತೆ ತಲೆಯೆತ್ತಿ ನೋಡಿದಳು, ಆದರೆ ನನ್ನನ್ನಲ್ಲ. ನನ್ನ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಅವ್ವ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಅವಳನ್ನು ಒಂದು ಗಳಿಗೆ ನೋಡಿ, ಕಲಸಿದ ಅನ್ನ ಹಾಗೇ ಬಿಟ್ಟು, ಅತ್ತೆ ಎದ್ದು ಕೈತೊಳೆದಳು. ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕಳಿಸಲು ಒಬ್ಬರೂ ಏಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಅಪ್ಪ ಹೋದ ಮೇಲೆ ಅವತ್ತು ಮೊದಲ ಸಲ ಹೊಟ್ಟೆ ತುಂಬ ಉಂಡೆ, ಕಣ್ತುಂಬ ನಿದ್ದೆ ಮಾಡಿದೆ. ಬೆಳವಣಕಿಯ ಅಜ್ಜ ವಾರದೊಳಗೆ ರಾಗ ಬದಲಿಸಿದ. ಅಯ್ಯೋ, ತಿಳಿಗೇಡಿ ಹೆಂಗಸು, ಕೈಯಾರೆ ತಮ್ಮನನ್ನು ಕೊಂದಳು ಎಂದು ಈಗ ಹೋದಲ್ಲೆಲ್ಲ ಹೇಳತೊಡಗಿದ. ಸೂಡಿಯಿಂದಲೂ ಸುದ್ದಿ ಬಂತು. ಮೊಮ್ಮಗಳ ಕೂಸಿಗೆ ಮೊದಲ ಅನ್ನ ಉಣಿಸುವ ದಿನ, ಮನೆಗೆ ಹಿರಿಯಳು ನೀನೇ ಬಾಯಿಗಿಡು ಎಂದರೆ ಅತ್ತೆ ಕೈ ಹಿಂದೆ ಕಟ್ಟಿಕೊಂಡು ನಿಂತಳಂತೆ. ಎಷ್ಟು ಕರೆದರೂ ಹತ್ತಿರ ಬರಲಿಲ್ಲವಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ವರ್ಷದ ಕಾರ್ಯ ಮುಗಿದ ಮೇಲೆ ಅವ್ವನನ್ನು ನರಗುಂದಕ್ಕೆ ಕರೆತಂದಿದ್ದೆ. ಮಧ್ಯಾಹ್ನ ಅಂಗಡಿಗೆ ಬಂದು ಬ್ಲೌಸುಗಳಿಗೆ ಹುಕ್ಕು ಹಚ್ಚಿ ಕೊಡುತ್ತಿದ್ದಳು. ಕೂಸಿನ ಅನ್ನದ ಸುದ್ದಿಯನ್ನು ಅವಳಿಗೂ ಹೇಳಿದೆ. ಬರೀ ಹೇಳಲಿಲ್ಲ, ರುಚಿ ಹಚ್ಚಿ ಹೇಳಿದೆ. ಅತ್ತೆ ಹೇಗೆ ಕೈ ಕಟ್ಟಿ ನಿಂತಿರಬಹುದೆಂದು ಎದ್ದು ನಿಂತು ಮಾಡಿಯೂ ತೋರಿಸಿದೆ. ಅವ್ವ ನಗಲಿಲ್ಲ. ಹುಕ್ಕು ಹಚ್ಚುವುದನ್ನು ನಿಲ್ಲಿಸಿ ತೊಡೆಯ ಮೇಲಿನ ಬ್ಲೌಸನ್ನೇ ನೋಡುತ್ತ ಕೂತಳು.

“ಆಕಿ ಉಣಿಸಿಲ್ಲ,” ಎಂದಳು. “ನಾ ಉಣಿಸೀನಿ.”

ನನಗೆ ಅರ್ಥವಾಗಲಿಲ್ಲ. ಅವ್ವ ತಲೆಯೆತ್ತದೆ ಎಲ್ಲವನ್ನೂ ಹೇಳಿದಳು. ಪಂಚಮಿಯ ಮಧ್ಯಾಹ್ನ, ನೈವೇದ್ಯ ಆಗಿತ್ತು. ಮನೆಯಲ್ಲಿ ಅವರಿಬ್ಬರೇ. ಹುರಿದ ಜೋಳದ ವಾಸನೆ ಮನೆಯೆಲ್ಲ ತುಂಬಿತ್ತು. ಅಪ್ಪ ಎಡಗೈಯಿಂದ ಅವಳ ಸೆರಗು ಹಿಡಿದೆಳೆದು ಬಾಯಿ ತೆರೆದು ತೋರಿಸಿದ. ಬೇಡ, ಮಗಳು ಬೈಯುತ್ತಾಳೆ ಎಂದಳಂತೆ. ಅವನು ಸೆರಗು ಬಿಡಲಿಲ್ಲ. ಗಟ್ಟಿ ಇದ್ದರೆ ಸಿಕ್ಕಿಕೊಂಡೀತು ಎಂದು ಅವಳೇ ಹಾಲು ಹೆಚ್ಚು ಹಾಕಿ ತೆಳ್ಳಗೆ ಕಲಸಿದಳು, ಸಲೀಸಾಗಿ ಇಳಿಯಲಿ ಎಂದು. ಒಂದು ತುತ್ತು ಇಟ್ಟಳು. ಅವನು ಕೆಮ್ಮಲಿಲ್ಲ. ನೆತ್ತಿಗೆ ಹತ್ತಲಿಲ್ಲ. ಇನ್ನೊಂದು ಇಟ್ಟಳು. ಇನ್ನೂ ಬೇಕೆಂದು ಬಾಯಿ ತೆರೆದ. ಬಟ್ಟಲು ಬರಿದಾಯಿತು. ಗಂಡ ಗುಣವಾದ, ಮಗಳು ಬಂದ ಕೂಡಲೇ ಹೇಳಬೇಕು ಎಂದು ನಾಗಪ್ಪನಿಗೆ ಇನ್ನೊಮ್ಮೆ ಕೈಮುಗಿದಳಂತೆ.

ಅತ್ತೆ ಬಂದದ್ದು ಸಂಜೆಯ ಬಸ್ಸಿಗೆ. ಅಷ್ಟೊತ್ತಿಗೆ ಅಪ್ಪನ ಉಸಿರು ಕೆಟ್ಟಿತ್ತು. ಅವ್ವ ಅವಳ ಮುಂದೆ ಕುಸಿದು ಎಲ್ಲ ಹೇಳಿಕೊಂಡಳು. ಮಗಳು ಬಂದರೆ ನನ್ನನ್ನು ಉಳಿಸುವುದಿಲ್ಲ ಎಂದು ನಡುಗಿದಳು. ನನ್ನ ತುತ್ತಿಗೆ ತಾನೇ ಅವನು ಬಾಯಿ ತೆರೆದದ್ದು, ನಾನೇ ಇಟ್ಟಂತಾಯಿತು, ಅವಳು ಬಂದಾಗ ನೀನು ಒಳಗಿರು ಎಂದು ಅತ್ತೆ ಹೇಳಿದಳಂತೆ.

ನನ್ನ ಸಿಟ್ಟು ಅವ್ವನ ಕಡೆ ತಿರುಗಿದ್ದು ನನಗೇ ಗೊತ್ತಾಯಿತು. ಹುಕ್ಕು ಹಿಡಿದ ಆ ಕೈಯನ್ನು ನೋಡಿದೆ. ಅದೇ ಕೈ. ಎಷ್ಟು ಸಲ ಹೇಳಿ ಹೋಗಿದ್ದೆ! ವರ್ಷಪೂರ್ತಿ ಅತ್ತೆಗೆ ಅಂದ ಮಾತುಗಳೆಲ್ಲ ಬಾಯಿಗೆ ಬಂದು ನಿಂತವು. ಎದ್ದು ಅಂಗಡಿಯಿಂದ ಹೊರಗೆ ಹೋದೆ. ಮರುದಿನ ಗಿರಾಕಿಯ ಬಟ್ಟೆ ಕೊಟ್ಟು ಬರುತ್ತೇನೆಂದು ಹೇಳಿ ರೋಣದ ಬಸ್ಸು ಹಿಡಿದೆ, ಅಲ್ಲಿ ಇಳಿದು ಸೂಡಿಯ ಬಸ್ಸು ಹತ್ತಿದೆ. ಕ್ಷಮೆ ಕೇಳಲು ಹೋಗಲಿಲ್ಲ. ಜಗಳಕ್ಕೇ ಹೋದೆ. ಯಾಕೆ ಸುಳ್ಳು ಹೇಳಿದೆ, ವರ್ಷವಿಡೀ ನನ್ನನ್ನು ಯಾಕೆ ಹುಚ್ಚಿಯನ್ನಾಗಿ ಮಾಡಿದೆ ಎಂದು ಕೇಳಬೇಕಿತ್ತು.

ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ. ನಾನು ನಿಂತೇ ಕೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು.

“ಅವತ್ತ ನೀ ಯಾರನರ ಹರದ ತಿನ್ನಾಕ ಬಂದಿದ್ದಿ. ನಾ ಸೂಡ್ಯಾಗಿರಾಕಿ, ನಿನ್ನ ಮಾರಿ ನಾ ದಿನಾ ನೋಡಬೇಕಾಗಿದ್ದಿಲ್ಲ. ನಿಮ್ಮವ್ವ ಎಲ್ಲಿ ಹೋಗಬೇಕಿತ್ತು?”

ಹಾಗಾದರೆ ಎಲ್ಲರ ಮುಂದೆ ನಿಜ ಹೇಳಿಬಿಡುತ್ತೇನೆ, ಬೆಳವಣಕಿಯ ಅಜ್ಜನಿಂದಲೇ ಶುರು ಮಾಡುತ್ತೇನೆ ಎಂದೆ. ಆಗ ಅವಳ ಕೈ ನಿಂತಿತು. ಮೊದಲ ಸಲ ನನ್ನ ಮುಖ ನೋಡಿದಳು. ಅಲ್ಲಿ ಕರುಣೆ ಏನೂ ಇರಲಿಲ್ಲ.

“ಮಂದಿ ಮುಂದ ನೀ ನನಗಂದದ್ದ ನಾ ಸಾಯೂ ಮಟಾ ಮರಿಯಾಂಗಿಲ್ಲ,” ಎಂದಳು. “ಆದ್ರ ಅದು ನನ್ನ ಮ್ಯಾಲ ಬಿದ್ದೈತಿ, ನನ್ನ ಮ್ಯಾಲೇ ಇರ್ಲಿ. ಖರೇ ಹೇಳಿ ನಿಮ್ಮವ್ವನ ಮ್ಯಾಲ ಹಾಕಿದಿ, ಇಲ್ಲಾ ಮನ್ಯಾಗರ ಆಕಿಗೆ ಒಂದ ಮಾತ ಅಂದಿ ಅಂದ್ರ, ನನ್ನ ಮಣ್ಣಿಗೂ ನೀ ಬರಬ್ಯಾಡ.”

ನಾನು ಅದೇ ಬಸ್ಸಿಗೆ ಮರಳಿದೆ.

ಅತ್ತೆಯ ಮೇಲೆ ನನಗೆ ಈಗಲೂ ಸಿಟ್ಟಿದೆ, ಮೊದಲಿಗಿಂತ ಹೆಚ್ಚೇ ಇದೆ. ನಾನು ಅಷ್ಟೆಲ್ಲ ಮಾಡಿ ಅವಳಿಗೆ ಕೊಟ್ಟ ಶಿಕ್ಷೆಗಿಂತ ಅವಳು ಕೂತಲ್ಲೇ ನನಗೆ ಕೊಟ್ಟದ್ದು ದೊಡ್ಡದು. ಮೊನ್ನೆ ರಾಜೂರಿನ ಹೆಂಗಸೊಬ್ಬಳು ಅಳತೆ ಕೊಡಲು ಅಂಗಡಿಗೆ ಬಂದಿದ್ದಳು. ನಂಟಸ್ತಿಕೆ ಹೊರಟಿತು. ತಮ್ಮನನ್ನು ತಾನೇ ಉಣಿಸಿ ಕೊಂದಳಲ್ಲ, ಆ ಸೂಡಿಯವಳು ನಿನಗೆ ಅತ್ತೆಯೇನು ಎಂದು ಕೇಳಿದಳು. ಅವ್ವ ಅಲ್ಲೇ ಮೂಲೆಯಲ್ಲಿ ಹುಕ್ಕು ಹಚ್ಚುತ್ತ ಕೂತಿದ್ದಳು. ಅವಳು ತಲೆ ಎತ್ತಿ ನನ್ನ ಬಾಯಿಯನ್ನೇ ನೋಡಿದಳು. ಹೌದು, ನನ್ನ ಅತ್ತೆ ಎಂದಷ್ಟೇ ಹೇಳಿ, ಟೇಪು ತೆಗೆದುಕೊಂಡು ಆ ಹೆಂಗಸಿನ ತೋಳಿನ ಅಳತೆ ಹಿಡಿದೆ.